ವಲ್ಲಿಯ ಕೆಳಗಿನ ಯುದ್ಧ

ನಾನು ಯುದ್ಧಗಳನ್ನೆಲ್ಲ ಮಲಗಿಕೊಂಡೇ ಮಾಡಿದ್ದೇನೆ. ಆದವಾನಿಯ ಬಿಸಿಲಿನಲ್ಲಿ ಭಾನುವಾರದ ಊಟ ಮುಗಿಸಿ, ಬಂಡೆ ಹಾಸಿದ ನೆಲದ ಮೇಲೆ ಚಾಪೆ ಹಾಕಿ, ಎದೆಯ ಮೇಲೆ ಒಂದು ದಪ್ಪ ಕಾದಂಬರಿಯನ್ನು ನಿಲ್ಲಿಸಿಕೊಂಡರೆ ಸಾಕು, ಹಿಮ ಬಿದ್ದ ಯಾವುದೋ ಬಯಲಿನಲ್ಲಿ ಕುದುರೆಗಳು ಓಡತೊಡಗುತ್ತವೆ. ಹಿಮವನ್ನು ನಾನು ಕಂಡವನಲ್ಲ. ನಮ್ಮೂರಿನಲ್ಲಿ ಬೆಳ್ಳಗೆ ಹಾರಾಡುವುದು ಹತ್ತಿಯ ಎಳೆಯೊಂದೇ. ಆದ್ದರಿಂದ ಪುಸ್ತಕದಲ್ಲಿ ಹಿಮ ಸುರಿಯಲು ಶುರುವಾದರೆ ನನಗೆ ಸೀನು ಬರುತ್ತದೆ.

"ಹಲ್ಲಿ ಲೊಚಗುಟ್ಟಿದರ ಎದ್ದು ಕೂಡ್ತೀರಿ. ಅಷ್ಟು ಹೆಣ ಹೆಂಗ ದಾಟ್ತೀರಿ ಅದರಾಗ?" ಎಂದು ನನ್ನ ಹೆಂಡತಿ ಕೇಳುತ್ತಾಳೆ. ಪುಟ ತಿರುವಿ ದಾಟುತ್ತೇನೆ ಎಂಬುದು ನನ್ನ ಪ್ರಾಮಾಣಿಕ ಉತ್ತರ. ಹತ್ತಿಯ ಕಾರ್ಖಾನೆಯೊಂದರಲ್ಲಿ ಗುಮಾಸ್ತನಾಗಿರುವ ನನ್ನಂಥವನಿಗೆ ಇದಕ್ಕಿಂತ ಹೆಚ್ಚಿನ ಶೌರ್ಯ ಸಾಧ್ಯವಿಲ್ಲ.

ಹೋದ ಸುಗ್ಗಿಯಲ್ಲಿ ನಾನು ಓದುತ್ತಿದ್ದ ಪುಸ್ತಕದ ಹೆಸರು ನನಗೆ ಗೊತ್ತಿಲ್ಲ. ನಮ್ಮ ಊರು ಆಂಧ್ರಕ್ಕೆ ಸೇರಿದ ಮೇಲೆ ವಾಚನಾಲಯದ ಕನ್ನಡ ಪುಸ್ತಕಗಳ ಕಪಾಟುಗಳನ್ನು ಒಂದು ಕೋಣೆಯಿಂದ ಇನ್ನೊಂದಕ್ಕೆ ಸಾಗಿಸಿದರು. ಆ ಸಾಗಾಟದಲ್ಲಿ ಅದರ ರಟ್ಟೂ ಮೊದಲ ಕೆಲವು ಹಾಳೆಗಳೂ ಹೋಗಿದ್ದವು. ಹಾಗಾಗಿ ಬರೆದವನು ಯಾರೆಂದು ತಿಳಿಯದೆ, ಯುದ್ಧ ಯಾಕೆ ಶುರುವಾಯಿತೆಂದೂ ತಿಳಿಯದೆ ನಾನು ನೇರವಾಗಿ ರಣರಂಗದ ನಡುವೆ ಇಳಿದಿದ್ದೆ. ಮೊದಲು ಇದನ್ನು ದೊಡ್ಡ ಕೊರತೆ ಎಂದುಕೊಂಡಿದ್ದೆ. ನೂರಾರು ಪುಟ ಓದಿದ ಮೇಲೆ ನೋಡಿದರೆ ಅದರೊಳಗಿನ ಸಿಪಾಯಿಗಳ ಸ್ಥಿತಿಯೂ ನನ್ನದೇ. ಅವರಿಗೂ ಮೊದಲ ಹಾಳೆಗಳು ಸಿಕ್ಕಿರಲಿಲ್ಲ.

ನಾವು ಚಿಕ್ಕಂದಿನಿಂದ ಗುಡಿಯ ಪಡಸಾಲೆಯಲ್ಲಿ ಪುರಾಣ ಕೇಳಿ ಬೆಳೆದವರು. ಅಲ್ಲಿ ಯುದ್ಧವೆಂದರೆ ಆಕಾಶದಲ್ಲಿ ನಿಂತು ನೋಡುವಂಥದು. ಯಾರು ಯಾರ ಮೇಲೆ ಬಾಣ ಬಿಟ್ಟರು, ಅದು ಎಲ್ಲಿ ನಾಟಿತು, ದೇವತೆಗಳು ಯಾವಾಗ ಹೂ ಸುರಿದರು, ಎಲ್ಲವೂ ಹೇಳುವವನಿಗೆ ಗೊತ್ತು. ಬಿಟ್ಟ ಬಾಣಕ್ಕೂ ತಾನೆಲ್ಲಿಗೆ ಹೋಗಬೇಕೆಂಬುದು ಗೊತ್ತು. ದೊಡ್ಡ ಕಾದಂಬರಿಕಾರರು ಮಾತ್ರ ನಮ್ಮನ್ನು ಆಕಾಶದಿಂದ ಇಳಿಸಿ ಜೋಳದ ಹೊಲದೊಳಗೆ ನಿಲ್ಲಿಸಿಬಿಡುತ್ತಾರೆ. ಮುಂದಿನವನ ಬೆನ್ನು ಬಿಟ್ಟರೆ ಮತ್ತೇನೂ ಕಾಣುವುದಿಲ್ಲ. ಎಲ್ಲೋ ಢಂ ಎನ್ನುತ್ತದೆ. ಗೆದ್ದೆವೋ ಸೋತೆವೋ ಎಂದು ಪಕ್ಕದವನನ್ನು ಕೇಳಿದರೆ ಅವನು ತನ್ನ ಬೂಟಿನ ಹರಿದ ಪಟ್ಟಿಯ ಚಿಂತೆಯಲ್ಲಿದ್ದಾನೆ. ಬರೆದವನಿಗೆ ಸೋಮಾರಿತನ, ಯುದ್ಧವನ್ನು ಪೂರ್ತಿ ವರ್ಣಿಸಲು ಬರುವುದಿಲ್ಲ, ಅದಕ್ಕೇ ಬೂಟು, ಗುಂಡಿ, ಕುದುರೆಯ ಬಾಲ ಎಂದು ಪುಟ ತುಂಬಿಸುತ್ತಾನೆ ಎಂದೇ ನಾನು ತಿಳಿದಿದ್ದೆ. ಆ ಸುಗ್ಗಿಯಲ್ಲಿ, ಹತ್ತಿ ಬಜಾರಿನ ಬಯಲಿನಲ್ಲಿ ನಡೆದದ್ದನ್ನು ಕಣ್ಣಾರೆ ಕಾಣುವವರೆಗೆ ಹಾಗೇ ತಿಳಿದಿದ್ದೆ.

ನಮ್ಮ ಬಜಾರಿನಲ್ಲಿ ದರವನ್ನು ಬಾಯಿಂದ ಹೇಳುವ ಪದ್ಧತಿಯಿಲ್ಲ. ಮಾರುವವನೂ ಕೊಳ್ಳುವ ದಲ್ಲಾಳಿಯೂ ಎದುರುಬದುರು ಕೂಡುತ್ತಾರೆ. ಇವನ ಬಲಗೈಯಲ್ಲಿ ಅವನ ಬಲಗೈ. ಮೇಲೆ ಹೆಗಲಿನ ವಲ್ಲಿಯನ್ನು ಮುಚ್ಚುತ್ತಾರೆ. ಬಟ್ಟೆಯ ಕೆಳಗೆ ಬೆರಳು ಹಿಡಿದು, ಬಿಟ್ಟು, ಒತ್ತಿ ವ್ಯಾಪಾರ ನಡೆಯುತ್ತದೆ. ಬಾಯಿ ಮಾತ್ರ ಮಗಳ ಮದುವೆಯ ಸಮಾಚಾರವನ್ನೋ ಎತ್ತಿನ ಹಲ್ಲುಗಳನ್ನೋ ಮಾತಾಡುತ್ತಿರುತ್ತದೆ. ಸುತ್ತ ನಿಂತ ನೂರು ಜನಕ್ಕೆ ಏನೂ ತಿಳಿಯುವುದಿಲ್ಲ. ಅದರ ಉದ್ದೇಶವೂ ಅದೇ. ಇದಕ್ಕೊಂದು ಹಳೆಯ ಕಟ್ಟುಪಾಡಿದೆ. ವಲ್ಲಿ ಹಾಸಿ ಕೂತವರಲ್ಲಿ ಯಾರು ಮೊದಲು ಹೊಡೆಯಲು ಕೈ ಎತ್ತುತ್ತಾನೋ, ಅವನು ಮತ್ತೆ ಆ ಬಯಲಿನಲ್ಲಿ ವಲ್ಲಿ ಹಾಸುವಂತಿಲ್ಲ.

ಚಿಪ್ಪಗಿರಿಯ ಕಡೆಯ ರೈತ ತಿಮ್ಮಪ್ಪನೂ ನಮ್ಮೂರ ದಲ್ಲಾಳಿ ಈರಣ್ಣನೂ ಹೀಗೆ ಎಷ್ಟೋ ಸುಗ್ಗಿಗಳಿಂದ ಕೈ ಹಿಡಿದು ಕೂತವರು. ಬಂಡಿ ಹೊಡೆದುಕೊಂಡು ಬಂದ ದಿನ ತಿಮ್ಮಪ್ಪನ ಊಟ ಈರಣ್ಣನ ಮನೆಯಲ್ಲೇ. ಆ ದಿನವೂ ಊಟ ಮಾಡಿಯೇ ಬಂದು ಕೂತಿದ್ದರು. ನಾನು ಕಾರ್ಖಾನೆಯ ಮಾಳಿಗೆಯ ಕಿಟಕಿಯಲ್ಲಿದ್ದೆ. ಬಯಲು ಅಂಗೈಯಂತೆ ಕಾಣುತ್ತಿತ್ತು. ನಾನು ಕಂಡದ್ದನ್ನು ಕಂಡ ಕ್ರಮದಲ್ಲೇ ಹೇಳುತ್ತೇನೆ. ಅವಸರ ಮಾಡಿದರೆ ಕಾಣದ್ದೂ ಸೇರಿಕೊಳ್ಳುತ್ತದೆ.

ತಿಮ್ಮಪ್ಪ ನಗುತ್ತಿದ್ದ. ಈರಣ್ಣ ನಗುತ್ತಿರಲಿಲ್ಲ. ವಲ್ಲಿ, ಕೆಳಗೆ ಬೆಕ್ಕು ಸಿಕ್ಕಿಬಿದ್ದಿದೆಯೇನೋ ಎಂಬಂತೆ ಎದ್ದು ಕೂತಿತು. ಇಬ್ಬರೂ ಎದ್ದರು. ವಲ್ಲಿ ನೆಲಕ್ಕೆ ಬಿತ್ತು. ಕೆನ್ನೆಗೆ ಬಿದ್ದ ಏಟಿನ ಸಪ್ಪಳ ಕೇಳಿಸಿತು. ಎದ್ದ ಮೇಲೆ ಈರಣ್ಣನ ಬೆನ್ನು ನನ್ನ ಕಡೆಗೆ ತಿರುಗಿತ್ತು. ತಿಮ್ಮಪ್ಪನ ಮುಖ ಈರಣ್ಣನ ರುಮಾಲಿನ ಹಿಂದಿತ್ತು. ಕಣ್ಣು ಬಿಟ್ಟುಕೊಂಡೇ ಇದ್ದೆ, ಆದರೂ ಯಾರ ಕೈ ಯಾರ ಕೆನ್ನೆ ಎಂಬುದು ನನಗೆ ಕಾಣಲಿಲ್ಲ.

ಆಮೇಲೆ ಒಂದು ಕಡೆಯಿಂದ ಈರಣ್ಣನ ಪರವಾಗಿ ಹಮಾಲರು ಕೊಕ್ಕೆ ಹಿಡಿದು ಬಂದರು, ಇನ್ನೊಂದು ಕಡೆಯಿಂದ ತಿಮ್ಮಪ್ಪನ ಪರವಾಗಿ ಬಂಡಿಯವರು ಬಾರುಕೋಲು ಹಿಡಿದು ಬಂದರು. ಹತ್ತಿಯ ಚೀಲವೊಂದು ಹರಿದು ಎಳೆ ಮೇಲೆದ್ದಿತು. ಅದರೊಳಗೆ ಕಂಡದ್ದೆಲ್ಲ ಚೂರು ಚೂರು. ಒಂಟಿ ಚಪ್ಪಲಿ. ಮೇವು ಮೆಲ್ಲುತ್ತ ಏನೂ ಆಗಿಲ್ಲವೆಂಬಂತೆ ನಿಂತ ಎತ್ತು. ಸಡಿಲಾದ ಧೋತರವನ್ನು ನೀಟಾಗಿ ನೆರಿಗೆ ಹಿಡಿದು ಕಟ್ಟಿಕೊಂಡು, ಮತ್ತೆ ಹೊಡೆಯಲು ಹೋದ ಒಬ್ಬ ದೊಡ್ಡ ಮನುಷ್ಯ. ಕೊಕ್ಕೆ ಎತ್ತಿದ ಹಮಾಲನೊಬ್ಬ ಎದುರಿಗಿರುವವನು ತನ್ನ ಹೆಂಡತಿಯ ತಮ್ಮನೆಂದು ಗುರುತಿಸಿ, ಕೈ ಇಳಿಸಿ, ಪರಿಚಯವಿಲ್ಲದ ಇನ್ನೊಬ್ಬನನ್ನು ಹುಡುಕಿಕೊಂಡು ಹೋದ. ನಗು ಬರಬೇಕಾಗಿತ್ತು. ನಾನು ಕಿಟಕಿಯ ಸರಳು ಬಿಗಿಹಿಡಿದು ನಿಂತಿದ್ದೆ.

ಈರಣ್ಣ ಬಿದ್ದ. ಅವನ ಮೇಲೆ ತಿಮ್ಮಪ್ಪ ಬಿದ್ದ. ಕೆಳಗಿದ್ದವರಿಗೆ ಅವನ ಬೆನ್ನಷ್ಟೇ ಕಂಡಿರಬೇಕು. "ಕುತ್ತಿಗಿ ಹಿಚುಕಾಕ ಹತ್ತ್ಯಾನ!" ಎಂದು ಯಾರೋ ಕೂಗಿದರು. ನನಗೆ ಮೇಲಿನಿಂದ ಅವನ ಕೈಗಳು ಕಂಡವು. ಎರಡೂ ಮೊಣಕೈ ನೆಲಕ್ಕೆ ಊರಿದ್ದವು. ಒಂದು ಅಂಗೈ ಈರಣ್ಣನ ಕಿವಿಯ ಮೇಲೆ, ಇನ್ನೊಂದು ನೆತ್ತಿಯ ಮೇಲೆ, ಬೆರಳುಗಳು ಅಗಲವಾಗಿ ಹರಡಿದ್ದವು. ಕೂಸಿನ ತಲೆಗೆ ನೀರು ಹಾಕುವಾಗ ಕಣ್ಣಿಗೆ ಸೀಗೆ ಹೋಗದಂತೆ ಹೆಂಗಸರು ಹಿಡಿಯುತ್ತಾರಲ್ಲ, ಹಾಗೆ. ಬಂಡಿಯವರ ಬಾರುಕೋಲುಗಳು ಅವನ ಬೆನ್ನಿನ ಮೇಲೆ ಬಿದ್ದವು. ಕೈ ಅಲುಗಲಿಲ್ಲ.

ಅಷ್ಟರಲ್ಲಿ ನಮ್ಮ ಕಾರ್ಖಾನೆಯ ಭೋಂಗಾ ಕೂಗಿತು, ಮಧ್ಯಾಹ್ನದ ಪಾಳಿಯ ಹೊತ್ತು. ಹಮಾಲರು ಎತ್ತಿದ ಕೈ ಇಳಿಸಿ, ಮೈ ಕೊಡವಿ, ಸಾಲಾಗಿ ಗೇಟಿನ ಕಡೆ ನಡೆದರು. ಜಗಳ ಬಿಡಿಸಿದ್ದು ಯಾವ ಹಿರಿಯರೂ ಅಲ್ಲ, ರೂಢಿ. ಆ ಹೊತ್ತಿಗೆ ನನಗೆ ಪುಸ್ತಕದ ನೆನಪಾಯಿತು. ಬೂಟಿನ ಪಟ್ಟಿ ಹೊಲಿದುಕೊಳ್ಳುವ ಸಿಪಾಯಿಯನ್ನು ಬರೆದವನು ಸೋಮಾರಿಯಲ್ಲ. ಅವನು ಎಲ್ಲೋ ಒಂದು ಕಿಟಕಿಯ ಸರಳು ಹಿಡಿದು ನಿಂತವನೇ ಇರಬೇಕು. ಎಲ್ಲಿಯ ಹಿಮ, ಎಲ್ಲಿಯ ಹತ್ತಿ! ಆದರೂ ಮನುಷ್ಯ ಅಲ್ಲಿಯೂ ಧೋತರ ಸರಿಮಾಡಿಕೊಂಡೇ ಹೊಡೆಯುತ್ತಾನೆ.

ವಿಚಾರಣೆ ಮರುದಿನ ಎಂದಾಯಿತು. ತಿಮ್ಮಪ್ಪನ ಮೇಲೆ ಮಾತು ಬಂದಿತ್ತು: ಅವನೇ ಮೊದಲು ಹೊಡೆದ, ಮೇಲಾಗಿ ಕುತ್ತಿಗೆ ಹಿಚುಕಿದ. ಹಾಗೆಂದು ತೀರ್ಮಾನವಾದರೆ ಅವನಿಗೆ ಆದವಾನಿಯ ಬಜಾರು ಮುಗಿದಂತೆ. ಬೇರೆ ಬಜಾರಿಗೆ ಬಂಡಿ ಹೊಡೆಯಬಹುದು, ಆದರೆ ಅಲ್ಲಿ ಅವನ ಕೈಯನ್ನು ನಂಬಿ ಹಿಡಿಯುವವರು ಯಾರು? ಮಾಳಿಗೆಯಿಂದ ಕಂಡವನು ನಾನೊಬ್ಬನೇ. ಸಂಜೆ ನಮ್ಮ ಮನೆಯ ಕಟ್ಟೆಗೆ ಹಮಾಲರ ಹಿರಿಯ ಬಂದ. "ಆಚಾರ್ರ, ನೀವು ಮ್ಯಾಲಿದ್ರಿ, ದೇವರಂಗ. ತಿಮ್ಮಪ್ಪ ಮೊದಲು ಹೊಡದ ಅಂತ ಒಂದು ಮಾತು ಒಗದುಬಿಡ್ರಿ, ಮುಗೀತು." ಅವನು ಮೂಲೆ ತಿರುಗುವ ಮೊದಲೇ ಬಂಡಿಯವರು ಬಂದರು. ಅವರ ಪ್ರಕಾರವೂ ನಾನು ದೇವರೇ. ಆದರೆ ಮೊದಲು ಹೊಡೆದವನು ಈರಣ್ಣ.

ಎಲ್ಲರೂ ಹೋದ ಮೇಲೆ ಹೆಂಡತಿ ಬಾಗಿಲಿಗೆ ಬಂದು ಕೇಳಿದಳು: "ಖರೆ ಯಾರು ಹೊಡದ್ರು?"

"ಗೊತ್ತಿಲ್ಲ."

"ನೋಡ್ತಿದ್ರಿ ಅಂದ್ರಲ್ಲ?"

"ನೋಡ್ತಿದ್ದೆ. ಗೊತ್ತಿಲ್ಲ."

"ಅಷ್ಟು ದಪ್ಪ ಪುಸ್ತಕ ಓದಿ ಏನು ಬಂತು ಹಂಗಾದರ?"

ಬಂದದ್ದು ಅದೇ ಎಂದು ಅವಳಿಗೆ ಹೇಳುವ ಧೈರ್ಯವಾಗಲಿಲ್ಲ.

ಮರುದಿನ ಬೇವಿನ ಮರದ ಕೆಳಗೆ ಬಜಾರಿನ ಹಿರಿಯರಾದ ಶೆಟ್ಟರು ಕೂತಿದ್ದರು. ಈರಣ್ಣನ ತಲೆಗೆ ಪಟ್ಟಿ ಸುತ್ತಿತ್ತು. ತಿಮ್ಮಪ್ಪ ಬೆನ್ನು ಬಾಗಿಸಲಾರದೆ ನಿಂತೇ ಇದ್ದ. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಿರಲಿಲ್ಲ.

"ಚೆಪ್ಪಂಡಿ ಆಚಾರ್ರೆ," ಎಂದರು ಶೆಟ್ಟರು. ಅವರ ಮಾತು ತೆಲುಗಿನಲ್ಲಿ ಹೊರಟು ಕನ್ನಡಕ್ಕೆ ಬಂದು ಮುಟ್ಟುತ್ತದೆ. "ಮೊದಲು ಕೈ ಎತ್ತಿದಾವ ಯಾರು? ಹೆಸರು ಹೇಳ್ರಿ, ಸಾಕು."

ನಾನು ನಗುವಿನಿಂದ ಶುರು ಮಾಡಿದೆ. ಬೆಕ್ಕಿನಂತೆ ಎದ್ದ ವಲ್ಲಿ, ಸಪ್ಪಳ, ಅಡ್ಡ ಬಂದ ರುಮಾಲು, ಎಲ್ಲವನ್ನೂ ಹೇಳಿದೆ. ಹೊಡೆದವನನ್ನು ಕಾಣಲಿಲ್ಲ ಎಂದೆ.

"ಪುರಾಣ ಬ್ಯಾಡ ಸಾಮಿ, ಹೆಸರು!" ಎಂದು ಹಿಂದಿನಿಂದ ಯಾರೋ ಕೂಗಿದರು. "ಆಚಾರ್ರಿಗೆ ಕನ್ನಡಕ ಬದಲಿಸ್ರಿ!" ಎಂದು ಇನ್ನೊಬ್ಬರು. ಜನ ನಕ್ಕರು. ನಾನು ಬಿಟ್ಟಲ್ಲಿಂದಲೇ ಮುಂದುವರಿಸಿದೆ. ಮೊಣಕೈ ಎಲ್ಲಿತ್ತು, ಯಾವ ಅಂಗೈ ಕಿವಿಯ ಮೇಲಿತ್ತು, ಯಾವುದು ನೆತ್ತಿಯ ಮೇಲಿತ್ತು, ಕೋಲು ಎಲ್ಲಿ ಬಿತ್ತು ಎಂಬುದನ್ನು ಹೇಳಿದೆ. "ಹಿಚುಕಲಿಲ್ಲ. ತಲೆ ಮುಚ್ಚಿದ್ದ," ಎಂದೆ.

ಈರಣ್ಣ ನಿಧಾನವಾಗಿ ಕೈ ಎತ್ತಿ ತನ್ನ ಕಿವಿ ಮುಟ್ಟಿ ನೋಡಿಕೊಂಡ. ಆಮೇಲೆ ತಿಮ್ಮಪ್ಪನ ಕಡೆ ತಿರುಗಿದ.

"ಆ ಕೈ ನಿಂದೇನೋ?"

"ಮತ್ತ ಯಾರದು ಅಂದ್ಕೊಂಡಿ? ನಿನ್ನ ಬುರುಡಿ ಒಡದ್ರ ಮಂದಿ ಏನಂದಾರು, ಅವನ ಮನ್ಯಾಗ ಉಂಡು ಅವನ್ನ ಕೊಂದ ಅನ್ನೂದಿಲ್ಲೇನು?"

"ಹಂಗಾದ್ರ ಕಿವಿಗಿ ಅಷ್ಟು ಯಾಕ ಒತ್ತಿದ್ಯೋ? ಇನ್ನೂ ಗುಂಯ್ ಅಂತೈತಿ."

"ಅವಸರದಾಗ ಮೆತ್ತಗ ಹಿಡ್ಯಾಕ ಬರ್ತದೇನೋ?"

ಶೆಟ್ಟರು ತಿಮ್ಮಪ್ಪನನ್ನು ಕೇಳಿದರು: "ಹೊಡದದ್ದು ಖರೇನೋ ಸುಳ್ಳೋ?"

ತಿಮ್ಮಪ್ಪ ತಲೆ ತಗ್ಗಿಸಿದ. "ಹೊಡದೀನ್ರಿ. ಮೊದಲೋ ಆಮ್ಯಾಲೋ, ದೇವರಾಣಿ ನನಗೂ ಗೊತ್ತಿಲ್ಲ. ಹೊಡದೆ, ಅಂವ ಬಿದ್ದ. ಬಿದ್ದದ್ದು ನೋಡಿ..." ಎಂದು ತನ್ನ ಎರಡು ಕೈಗಳನ್ನೇ ನೋಡುತ್ತ ನಿಂತುಬಿಟ್ಟ. ಅವನಿಗೂ ಅವು ಹೊಸದಾಗಿ ಕಂಡವೋ ಏನೋ.

ನನ್ನ ಬೆರಗು ಅಲ್ಲಿಗೇ ಬಂದು ನಿಲ್ಲುತ್ತದೆ, ಇವತ್ತಿಗೂ. ಹೊಡೆದ ಕೈ ಒಬ್ಬನದಾಗಿದ್ದು ಕಾಯ್ದ ಕೈ ಇನ್ನೊಬ್ಬನದಾಗಿದ್ದರೆ ನಮಗೆಲ್ಲ ಎಷ್ಟು ಸುಲಭವಿತ್ತು! ಒಬ್ಬನನ್ನು ಬಜಾರಿನಿಂದ ಹೊರಗಿಟ್ಟು ಇನ್ನೊಬ್ಬನಿಗೆ ಹಾರ ಹಾಕಿ ಮನೆಗೆ ಹೋಗಬಹುದಾಗಿತ್ತು. ದೊಡ್ಡ ಕಾದಂಬರಿಗಳನ್ನು ಓದುವಾಗ ನನಗೆ ಇದೇ ಕಿರಿಕಿರಿ. ಮನೆ ಸುಟ್ಟವನೇ ಮುಂದಿನ ಅಧ್ಯಾಯದಲ್ಲಿ ಆ ಮನೆಯ ಬೆಕ್ಕನ್ನು ಜೋಳಿಗೆಯಲ್ಲಿಟ್ಟುಕೊಂಡು ಹೊರಡುತ್ತಾನೆ. ಯಾವ ಮನುಷ್ಯನನ್ನು ಯಾವ ಪಕ್ಕಕ್ಕೆ ಇಡಬೇಕೆಂದು ತಿಳಿಯದೆ ನಾನು ಪುಸ್ತಕ ಮುಚ್ಚಿ ಜಂತೆ ನೋಡುತ್ತ ಮಲಗಿದ್ದುಂಟು. ಬೇವಿನ ಮರದ ಕೆಳಗೆ ಶೆಟ್ಟರೂ ಹಾಗೇ ಕೊಂಬೆ ನೋಡುತ್ತ ಬಹಳ ಹೊತ್ತು ಕೂತಿದ್ದರು.

"ನೋಡ್ರಪ್ಪಾ," ಎಂದರು ಕಡೆಗೆ. "ಮೊದಲು ಹೊಡದಾವಗ ಏನು ಮಾಡಬೇಕು ಅಂತ ಹಿಂದಿನೋರು ಹೇಳ್ಯಾರ. ಹೊಡದು ಆಮ್ಯಾಲ ಅಡ್ಡ ಬಿದ್ದಾವಗ ಏನು ಮಾಡಬೇಕು ಅಂತ ಹೇಳಿಲ್ಲ. ನನಗೂ ತಿಳೀವಲ್ದು. ತಿಮ್ಮಪ್ಪನ ಹತ್ತಿ ಇಲ್ಲೇ ಇಳೀಲಿ. ಏಳ್ರಿ, ಬಿಸಲು ಬಂತು."

ಹತ್ತಿ ಇಳಿಯಿತು. ಊರಿಗೆ ಹೊರಡುವ ಮೊದಲು ತಿಮ್ಮಪ್ಪ ನಮ್ಮ ಮಾಳಿಗೆಯ ಮೆಟ್ಟಿಲನ್ನು ಒಂದೊಂದಾಗಿ ನರಳುತ್ತ ಹತ್ತಿ ಬಂದ. ಮೇಜಿನ ಮೇಲಿದ್ದ ರಟ್ಟಿಲ್ಲದ ಪುಸ್ತಕವನ್ನು ಎತ್ತಿ ತೂಗಿ ನೋಡಿದ.

"ಏನೈತ್ರಿ ಇದರಾಗ, ಇಷ್ಟು ಭಾರ?"

"ಒಂದು ಯುದ್ಧ."

"ನನ್ನಂಥಾವ ಯಾವನಾರ ಅದಾನೇನ್ರಿ?"

ಇದ್ದ. ಆ ಬೆಳಿಗ್ಗೆಯಷ್ಟೇ ಓದಿದ್ದೆ. ವೈರಿಯ ಕಡೆಯ ಗಾಯಾಳುವೊಬ್ಬನನ್ನು ತನ್ನ ಗಾಡಿಯಲ್ಲಿ ಹಾಕಿಕೊಂಡು ಹೊರಟ ಗಾಡಿಯವನು. ಮಂಜಿನಲ್ಲಿ ಗುರುತು ಸಿಗದೆ ಅವನ ಕಡೆಯವರೇ ಅವನ ಮೇಲೆ ಗುಂಡು ಹಾರಿಸಿದ್ದರು. ಅವನು ಗಾಡಿಯ ಮೇಲೆಯೇ ಸತ್ತಿದ್ದ.

"ಅದಾನ," ಎಂದೆ.

"ಉಳೀತಾನೇನ್ರಿ?"

ಅವನು ಆ ಭಾರದ ಪುಸ್ತಕವನ್ನು ಎರಡು ಕೈಯಲ್ಲಿ ಹಿಡಿದೇ ನನ್ನ ಮುಖ ನೋಡುತ್ತಿದ್ದ. ಬಜಾರಿನ ನಡುವೆ, ಅಷ್ಟು ಜನರ ನಗೆಯ ಎದುರಿಗೆ, ಕಾಣದ್ದನ್ನು ಕಂಡೆನೆನ್ನದ ಸಾಕ್ಷಿ ನಾನು. "ಉಳೀತಾನ," ಎಂದೆ. "ಊರಿಗೂ ಹೋಗಿ ಮುಟ್ಟತಾನ."

"ಹಂಗಾದ್ರ ಬರದಾವ ಛಲೋ ಮನಶಾ ಬಿಡ್ರಿ," ಎಂದು ತಿಮ್ಮಪ್ಪ ಪುಸ್ತಕವನ್ನು ಮೆತ್ತಗೆ ಮೇಜಿನ ಮೇಲಿಟ್ಟು ಇಳಿದು ಹೋದ.