ಶಿವದಾರ ಕಟ್ಟಿದ ಗಾಗಲ್

ಸ್ಕೂಟಿ ಮಾರೂದು ಅಂತ ಠರಾವಾದ ಮ್ಯಾಲೆ ಮೊನ್ನೆ ಅದರ ಡಿಕ್ಕಿ ಖಾಲಿ ಮಾಡಾಕ ಹತ್ತಿದ್ದೆ. ಹಳೇ ರೇನ್‌ಕೋಟು, ಪೆಟ್ರೋಲ್ ಚೀಟಿ, ಒರಸೋ ಅರಬಿ... ಎಲ್ಲಾದರ ತಳದಾಗ ಒಂದು ಪ್ಲಾಸ್ಟಿಕ್ ಚೀಲ. ಬಾಯಿ ಬಿಚ್ಚಿದ ಕೂಡಲೇ ಹೊಳಿ ರಾಡಿ ವಾಸನಿ ಬಂತು. ಒಳಗ ಒಂದು ಬಿಳೇ ದಾರ, ದಾರದ ಎರಡೂ ತುದಿಗೆ ಗಾಗಲ್ಲಿನ ಎರಡು ಕಡ್ಡಿ. ಗ್ಲಾಸಿಲ್ಲ, ಫ್ರೇಮಿಲ್ಲ. ಕಿವಿ ಮ್ಯಾಲೆ ಕುಂದರೋ ಕಡ್ಡಿ ಅಷ್ಟ. ನಾನು ಅಲ್ಲೇ ಅಂಗಳದಾಗ ನೆಲಕ್ಕ ಕುಂತಬಿಟ್ಟೆ.

ಮಹಾಂತೇಶ ನಗರದಾಗ ನಮ್ಮ ಬಾಜು ಮನಿ ಕಾಕುನ ದಾರ ಅದು. ಕಾಕು ಕಂಪೌಂಡ್ ಗ್ವಾಡಿಗೆ ಮೊಣಕೈ ಊರಿ ನಿಂತರ ನನ್ನ ಒಲಿ ಮ್ಯಾಲಿನ ಅನ್ನ ಸೀದು ಹೋಗೂತನಕ ಬಿಡತಿರಲಿಲ್ಲ. ಅಕಿ ಗಂಡ, ನಮ್ಮ ಕಾಕಾ, ಇದರ ಉಲ್ಟಾ. ಎಲ್ಲಾದಕ್ಕೂ ಒಂದ ಮಾತು, 'ನೋಡೂಣು, ಬರೋ ವರ್ಷ'. ಖಾನಾಪುರದ ಕಡೆ ಯಾವುದೋ ಮದವಿಗೆ ಹೋದಾಗ ಹೊಳಿಯೊಳಗ ಮಂದಿ ಉದ್ದನ್ನ ಸಣ್ಣ ದೋಣಿಯಾಗ ಕುಂತು ಹುಟ್ಟು ಹಾಕೂದನ್ನ ನೋಡಿ ಬಂದಿದ್ದರು. ಕಯಾಕ್ ಅಂತಾರಲ್ಲ, ಅದು. ನಾವಿಬ್ಬರೂ ಒಮ್ಮೆ ಕುಂದರೂಣು ಅಂತ ಕಾಕುಗ ಹೇಳಿದ್ದರಂತ. ನೀರಿನ ಮ್ಯಾಲಿನ ಬಿಸಲು ಕಣ್ಣಿಗೆ ಬಡೀತೈತಿ ಅಂತ ಖಡೇಬಜಾರಕ್ಕ ಹೋಗಿ ದೊಡ್ಡದೊಂದು ಕರೇ ಗಾಗಲ್ಲೂ ತಂದರು. ದೋಣಿ ಬರೋ ವರ್ಷಕ್ಕ ಹೋತು, ಗಾಗಲ್ ಕಾಯಿಪಲ್ಲೆ ತರಾಕ ಉಪಯೋಗಾತು. ಅದರ ಸ್ಕ್ರೂ ಸಡಲಾಗಿ ಕಡ್ಡಿ ಲಟಪಟ ಅನ್ನಾಕ ಹತ್ತಿದರೂ ನಾಳೆ ಬಿಗಿಸಿದರಾತು ಅಂದ್ರು. ಒಂದು ಬ್ಯಾಸಿಗಿ ಮಧ್ಯಾಹ್ನ ಉಂಡು ಅಡ್ಡಾದವರು ಏಳಲೇ ಇಲ್ಲ.

ಮಣ್ಣಾದ ಮ್ಯಾಲಿನ ಕಾರ್ಯ ಎಲ್ಲಾ ಮುಗಿದ ಮರುವಾರ ಕಾಕು ಆ ಗಾಗಲ್ ಹಾಕೊಂಡು ಹೊರಗ ಬಂದಳು. ಅಕಿದು ಅಂಗೈಯಷ್ಟ ಮಾರಿ, ಕಾಕಾನದು ದೊಡ್ಡ ತಲಿ. ಗಾಗಲ್ ಮೂಗಿನ ತುದಿಗೆ ಬಂದು ನಿಲ್ಲತಿತ್ತು. ಓಣ್ಯಾಗಿನ ಹೆಂಗಸರು ಗಂಡ ಹೋದ ಮ್ಯಾಲೆ ಇಕಿಗೇನ ಬಂತು ಅಂತ ಮಾತಾಡಿಕೊಂಡರು. ಖರೇ ಹೇಳಬೇಕಂದ್ರ ನನಗೂ ನಗು ಬಂದಿತ್ತು. ಕಾಕುನೂ ನಕ್ಕಳು. ನಕ್ಕೊಂತನ ಹೇಳಿದಳು.

"ನೀ ತವರಮನಿಗೆ ಖಾನಾಪುರಕ್ಕ ಹೋಗತೀಯಲ್ಲ ತಂಗಿ, ನನ್ನ ಹಿಂದ ಕುಂದರಿಸಿಕೊಂಡು ಹೋಗು. ಅವರು ನೋಡಬೇಕಂದ ನೀರು. ಅವರ ಗಾಗಲ್ಲಿನ್ಯಾಗ ನೋಡಿ ಬರತೇನಿ."

ಆತ್ರಿ ಕಾಕು, ಮಳಿ ಒಂದು ನಿಲ್ಲಲಿ ಅಂದೆ.

ಮಳಿ ನಿಂತು ಹೊಳಿ ತಣ್ಣಗಾದ ಮ್ಯಾಲೆ ಒಂದು ರವಿವಾರ ಹೋದ್ವಿ. ದೋಣಿಯಾಗ ಮುಂದ ಕಾಕು, ಹಿಂದ ನಾನು. ಹುಟ್ಟು ಹಾಕಾಕ ಶುರು ಮಾಡಿದ್ದ ತಡ, ಬೆವತ ಮೂಗಿನ ಮ್ಯಾಲಿಂದ ಗಾಗಲ್ ಜಾರಿ ಅಕಿ ಉಡ್ಯಾಗ ಬಿತ್ತು. ಸ್ವಲ್ಪ ಬಾಜುಕ ಬಿದ್ದಿದ್ದರ ಹೊಳಿ ಪಾಲು. ಕಾಕು ಅದನ್ನ ಎರಡೂ ಕೈಲೆ ಎದಿಗೆ ಒತ್ತಿ ಹಿಡಕೊಂಡಳು, ಹುಟ್ಟು ಮುಟ್ಟಲಿಲ್ಲ. ನಾನ ಒಬ್ಬಾಕಿ ದಂಡಿಗೆ ತಂದೆ. ಕಾಕಾನ ಅಂಗಿ, ಧೋತರ ಎಲ್ಲಾ ಕೊಟ್ಟು ಮುಗದಿತ್ತು, ಉಳದಿದ್ದು ಇದೊಂದ.

ದೋಣಿ ಬಾಡಿಗಿ ಕೊಡೋರು ಅರ್ಧ ಮರಾಠಿ ಅರ್ಧ ಕನ್ನಡದಾಗ, ತಲಿ ಹಿಂದ ಬಿಗಿಯೋ ಪಟ್ಟಿ ಸಿಗತೈತಿ, ಅದಕ್ಕ ತೇಲೋ ಬೆಂಡೂ ಇರತೈತಿ, ಬಿದ್ದರೂ ಮುಳಗೂದಿಲ್ಲ ಅಂದ್ರು. ಕಾಕುಗ ಒಪ್ಪಿಗಿ ಆಗಲಿಲ್ಲ. ಮನಿಗೆ ಬಂದು ಕೊರಳಾಗಿನ ಲಿಂಗ ಎತ್ತಿ ತೋರಿಸಿ, ಸಣ್ಣಾಕಿದ್ದಾಗಿಂದ ಬಾಂವಿಯೊಳಗ, ಹೊಳಿಯೊಳಗ ಮುಳುಗಿ ಎದ್ದೇನಿ, ಇದು ಒಮ್ಮೆರ ಕಳಚೇತೇನು ಅಂತ ನನ್ನನ್ನ ಕೇಳಿದಳು. ಲಿಂಗಕ್ಕ ಹಾಕೋ ಅಂಥಾದ ಶಿವದಾರ ತಂದಳು. ಸೂಜಿ ಕಾಸಿ ಎರಡೂ ಕಡ್ಡಿ ತುದಿಗೆ ತೂತು ಮಾಡಿ, ದಾರ ಪೋಣಿಸಿ, ಗಂಟಿನ ಮ್ಯಾಲೆ ಗಂಟು ಹಾಕಿದಳು. ಕಡ್ಡಿ ಲಟಪಟ ಅಂತೈತಲ್ಲ ಕಾಕು, ಸ್ಕ್ರೂನೂ ಬಿಗಿಸೂಣ್ರಿ ಅಂದೆ. ಬ್ಯಾಡ, ಅವರು ಬಿಟ್ಟಂಗ ಇರಲಿ ಅಂದಳು.

ಆ ಚಳಿಗಾಲ ಬಿಡುವಿದ್ದ ರವಿವಾರ ಎಲ್ಲಾ ಹೊಳಿನ. ದಾರ ಒಳ್ಳೇ ಬಿಗಿ ಹಿಡೀತಿತ್ತು. ಕಾಕು ಹುಟ್ಟು ಹಾಕೂದು ಕಲತಳು, ಓಣಿ ಸುದ್ದಿ ಬಿಟ್ಟಳು. ನೀರಿನ ಮ್ಯಾಲೆ ಅಕಿ ಮಾತಾಡತಿರಲಿಲ್ಲ. ಮಾತಾಡತಿದ್ದಳೇನೋ... ನನ್ನ ಕೂಡ ಅಲ್ಲ.

ಕಡೀ ಸಲ ಹೋದಾಗ ದಂಡಿಯಿಂದ ಬಾಗಿದ ಒಂದು ಟೊಂಗಿ ನೇರ ಅಕಿ ಮಾರಿಗೆ ಬಂತು. ಗಾಗಲ್ಲಿಗೆ ಬಡೀತೈತಿ ಅಂತ ಕಾಕು ಒಮ್ಮಿಗೇ ಬಾಜುಕ ವಾಲಿದಳು, ದೋಣಿ ಮಗಚಿತು. ನೀರು ಥಣ್ಣಗ. ಲೈಫ್ ಜಾಕೆಟ್ ಇಬ್ಬರನ್ನೂ ಮ್ಯಾಲೆ ತಂತು. ಕಾಕು ಒಂದು ಕೈಲೆ ದೋಣಿ ಹಿಡದಿದ್ದಳು. ಇನ್ನೊಂದು ಕೈ ಜಾಕೆಟ್ಟಿನ ಕೊರಳಾಗ ತುರುಕಿ ಎದಿ ಮ್ಯಾಲಿನ ಲಿಂಗ ಗಟ್ಟಿ ಹಿಡಕೊಂಡಿತ್ತು. ದಾರ ಅಕಿ ಹೆಡಕಿನ ಮ್ಯಾಲೇ ಇತ್ತು, ಒಂದು ಗಂಟೂ ಬಿಚ್ಚಿರಲಿಲ್ಲ. ಸ್ಕ್ರೂ ಕಳಚಿದ ಎರಡು ಕಡ್ಡಿ ಆಕಡಿ ಈಕಡಿ ಜೋತು ಬಿದ್ದಿದ್ದವು. ನಡುವ ಏನೂ ಇರಲಿಲ್ಲ.

ದೋಣಿಯವರು ಮುಳುಗಿ ಮುಳುಗಿ ಹುಡುಕಿದರು. ರಾಡಿ, ಬೇರು, ಮತ್ತ ರಾಡಿ. ಕಾಕು ದಂಡಿ ಮ್ಯಾಲೆ ತೊಯ್ದ ಸೀರಿಯಾಗ ಕುಂತು ನೋಡತಿದ್ದಳು. ನಾನು ಬಾಜು ಕುಂತು, ಜೀವ ಉಳೀತಲ್ಲ ಬಿಡ್ರಿ ಕಾಕು ಅಂದೆ.

"ಕೈ ತಾನ ಎದಿಗೆ ಹೋತು ತಂಗಿ. ಲಿಂಗಕ್ಕ ದಾರ ಇತ್ತು, ನನ್ನ ಕೈ ಬೇಕಾಗಿರಲಿಲ್ಲ. ಬೇಕಾಗಿದ್ದು ಅವರಿಗೆ. ಅವರನ್ನ ಹಿಡೀಲಿಲ್ಲ ನಾ."

ದಾರ ತಗದು ನನ್ನ ಕೈಯಾಗ ಇಟ್ಟು ಬಿಸಾಡು ಅಂದಳು. ಬಿಸಾಡಾಕ ಮನಸಾಗಲಿಲ್ಲ, ಹಂಗ ಚೀಲಕ್ಕ ಹಾಕಿ ಡಿಕ್ಕಿಯೊಳಗ ತುರಕಿದೆ. ವಾಪಸ್ ಬರೂವಾಗ ದಾರಿ ಉದ್ದಕ್ಕೂ ಅಕಿ ಹಣಿ ನನ್ನ ಬೆನ್ನಿಗೆ ಹತ್ತಿತ್ತು. ಅಳತಿದ್ದಳೋ, ಚಳಿಗೆ ನಡಗತಿದ್ದಳೋ, ನಾ ತಿರುಗಿ ನೋಡಲಿಲ್ಲ.

ಮತ್ತ ಹೊಳಿ ಸುದ್ದಿ ತಗೀಲಿಲ್ಲ ಕಾಕು. ನಾನು ಖಾನಾಪುರಕ್ಕ ಹೊಂಟರ, ಹೋಗಿ ಬಾರವಾ ಅಂತ ಗ್ವಾಡಿ ಆಚೆಯಿಂದನ ಹೇಳತಿದ್ದಳು. ಮೊಣಕೈ ಊರಿ ನಿಲ್ಲೂದು ಕಡಿಮಿ ಆತು. ನನ್ನ ಅನ್ನ ಸೀಯೂದು ನಿಂತಿತು. ಬಿಸಲಿಗೆ ಬಂದರ ಕೈ ಅಡ್ಡ ಹಿಡೀತಿದ್ದಳು. ಬ್ಯಾರೆ ಗಾಗಲ್ ತಂದುಕೊಡ್ಲೇನ್ರಿ ಅಂತ ಕೇಳಿ ಬೈಸಿಕೊಂಡೆ. ಈ ಮಳಿಗಾಲದಾಗ ಜ್ವರ ಅಂತ ಮಲಗಿದಾಕಿ ಎದ್ದು ಬರಲಿಲ್ಲ.

ಸಮಾಧಿಯೊಳಗ ಕುಂದರಿಸಿದಾಗ ಅಯ್ಯನವರು ಕೊರಳಾಗಿನ ಲಿಂಗ ಬಿಚ್ಚಿ ಕಾಕುನ ಎಡಗೈಯೊಳಗ ಇಟ್ಟರು. ಬೆರಳು ಮಡಚಿ ಹಿಡಿಸಿದರು. ನಾನು ಹೆಂಗಸರ ಹಿಂದ ನಿಂತಿದ್ದೆ. ಬಲಗೈ ತೊಡಿ ಮ್ಯಾಲೆ ಹಂಗ ಅಂಗಾತ ಇತ್ತು, ಅದಕ್ಕ ಯಾರೂ ಏನೂ ಕೊಡಲಿಲ್ಲ... ಈ ಡಿಕ್ಕಿ ಚೀಲದ ನೆನಪು ನನಗೂ ಆಗ ಆಗಲಿಲ್ಲ.

ಸ್ಕೂಟಿ ಒಯ್ಯೋರು ಇವತ್ತ ಸಂಜಿಗೆ ಬರತೇವಿ ಅಂದಾರ. ದಾರದ ಗಂಟು ಬಿಚ್ಚೂಣು ಅಂತ ಉಗುರಿಲೆ ನೋಡಿದೆ, ಸೂಜಿಲೆ ನೋಡಿದೆ. ಬಿಚ್ಚಲಿಲ್ಲ. ಒಣಗಿ ಕಲ್ಲಾಗೈತಿ. ಕಾಕು ಕಟ್ಟಿದ್ದು, ಯಾಕ ಬಿಚ್ಚೀತು. ಎರಡೂ ಕಡ್ಡಿ ಕೂಡಿಸಿ ಹಿಡಕೊಂಡು ಬಾಜು ಮನಿ ಕಡೆ ನೋಡಿದೆ, ಬಾಗಲಕ್ಕ ಕೀಲಿ ಐತಿ. ಕೊಡಬೇಕಾಗಿದ್ದ ಕೈ ಮಣ್ಣಾಗ ಖಾಲಿ ಐತಿ, ಇದು ನನ್ನ ಕೈಯಾಗ ಉಳೀತು.