ಮಾತಾಡದ ಮಗುವನ್ನು ಆ ಶಾಲೆಯಲ್ಲಿ ಏನು ಮಾಡ್ತಾರೆ

ಆ ಜೂನಿನಲ್ಲಿ ಅಕ್ಕ ನನಗೊಂದು ಕೆಲಸ ಹಚ್ಚಿದಳು. ಅವಳ ಊರಿನ ಸರ್ಕಾರಿ ಕನ್ನಡ ಶಾಲೆಯಲ್ಲಿ ನಾನು ಒಂದು ಇಡೀ ದಿನ ಕೂತು ಬರಬೇಕು. ಸಂಜೆ ಅಲ್ಲಿದ್ದವರನ್ನೆಲ್ಲ ಅವಳಿಗೆ ಮಾಡಿ ತೋರಿಸಬೇಕು. ಹೆಡ್ ಮಾಸ್ತರು ಹೇಗೆ ಮಾತಾಡ್ತಾರೆ, ಒಂದನೇ ಕ್ಲಾಸಿನ ಟೀಚರು, ಅಂದರೆ ಅಕ್ಕೋರು, ಹೇಗೆ ಬೈತಾರೆ, ಎಲ್ಲ. ಅದನ್ನು ನೋಡಿ ಅವಳು ಮಗಳನ್ನು ಅಲ್ಲಿಗೆ ಸೇರಿಸುವುದೋ ಬೇಡವೋ ಅಂತ ತೀರ್ಮಾನ ಮಾಡ್ತಾಳಂತೆ.

ನಮ್ಮದು ಅಂಕೋಲೆ ಕಡೆ ಹಟ್ಟಿಕೇರಿ. ಅಕ್ಕನನ್ನು ಕೊಟ್ಟದ್ದು ಕಾರವಾರದ ಆಚೆ ಮಾಜಾಳಿಗೆ. ಭಾವ ಹಡಗಿನ ಮೇಲೆ. ಅಕ್ಕ ಬೆಳಗಿನ ಆರೂವರೆ ಬಸ್ಸಿಗೆ ಗೋವಾಕ್ಕೆ ಹೋಗಿ, ಮಾತ್ರೆ ತಯಾರಿಸುವ ಕಂಪನಿಯಲ್ಲಿ ದಿನವಿಡೀ ಡಬ್ಬಿ ತುಂಬಿ ಬರುತ್ತಿದ್ದಳು. ರಜೆ ಹಾಕಿ ಶಾಲೆಗಳನ್ನು ನೋಡುತ್ತ ತಿರುಗುವ ಹಾಗಿರಲಿಲ್ಲ. ನಾನು ಕಾರವಾರದ ಕಾಲೇಜಿಗೆ ಹೋಗುವ ನೆಪದಲ್ಲಿ ಅವಳ ಮನೆಯಲ್ಲಿ ಉಣ್ಣುತ್ತಿದ್ದವ.

ನನ್ನ ವಿದ್ಯೆ ಒಂದೇ. ಯಾರನ್ನಾದರೂ ಎರಡು ನಿಮಿಷ ನೋಡಿದರೆ ಸಾಕು, ಅವರ ಹಾಗೆ ನಡೆದು, ಕೆಮ್ಮಿ, ಮೂಗು ಸೇದಿ ತೋರಿಸುತ್ತಿದ್ದೆ. ಬಸ್ಸಿನ ಕಂಡಕ್ಟರು, ಹಲ್ಲಿನ ಸೆಟ್ಟು ಜಾರುವ ಅಕ್ಕನ ಅತ್ತೆ, ಯಾರನ್ನೂ ಬಿಟ್ಟವನಲ್ಲ. ಯಾರೂ ಸಿಗದ ದಿನ, ಇಂಗ್ಲಿಷ್ ಪೇಪರನ್ನು ಮೂರನೇ ಸಲ ಬರೆಯುತ್ತ ಕಿಟಕಿ ನೋಡುವ ನನ್ನನ್ನೇ ಮಾಡುತ್ತಿದ್ದೆ. ಒಂದು ಶಾಲೆಯ ಗುಣ ನೋಡಲಿಕ್ಕೆ ಇಂಥವನನ್ನು ಕಳಿಸಿದಳು ಅಂದರೆ ಅಕ್ಕನ ಕಷ್ಟ ಎಷ್ಟಿತ್ತು ಅಂತ ನೀವೇ ಲೆಕ್ಕ ಹಾಕಿ.

ಕಷ್ಟ ಇದ್ದದ್ದು ಮಗಳ ಬಾಯಲ್ಲಿ. ಅವಳಿಗೆ ಐದೂವರೆ ವರ್ಷ. ಮನೆಯೊಳಗೆ ಅಜ್ಜಿಯ ಹತ್ತಿರ ಕೊಂಕಣಿ, ಅಮ್ಮನ ಹತ್ತಿರ ಕನ್ನಡ, ಬೆಕ್ಕಿನ ಹತ್ತಿರ ಎರಡೂ. ಅಂಗಳ ದಾಟಿದರೆ ಒಂದಕ್ಷರ ಇಲ್ಲ. ಕಾರವಾರದ ಒಂದು ಇಂಗ್ಲಿಷ್ ಶಾಲೆಗೆ ಕರೆದುಕೊಂಡು ಹೋದಾಗ ಅಲ್ಲಿಯವರು ಹೆಸರು ಕೇಳಿದರು. ಇವಳು ಗದ್ದವನ್ನು ಎದೆಗೆ ಊರಿ, ತುಟಿ ಒಳಗೆಳೆದುಕೊಂಡು, ಫ್ರಾಕಿನ ಅಂಚನ್ನು ತಿರುಪುತ್ತ ನಿಂತಳು. ಇನ್ನೊಮ್ಮೆ ಕೇಳಿದರು. ಆಮೇಲೆ ಗಟ್ಟಿಯಾಗಿ ಕೇಳಿದರು. ಕೊನೆಗೆ ಅಕ್ಕನ ಕಡೆ ತಿರುಗಿ, "ಕಿವಿ ಸರಿ ಕೇಳ್ತದಾ ಇವಳಿಗೆ?" ಅಂದರು.

"ಗೋಡೆಗೆ ಸುಣ್ಣ ಹೊಡ್ದಿದ್ರಾ, ಕಕ್ಕಸಕ್ಕೆ ಬಾಗಿಲು ಇದ್ಯಾ, ಅದೆಲ್ಲ ನಂಗೆ ಬೇಡ," ಅಂದಳು ಅಕ್ಕ. "ಇವಳು ಮಾತಾಡದಿದ್ರೆ ಅವ್ರು ಎಂತ ಮಾಡ್ತ್ರು? ಅಷ್ಟು ನೋಡ್ಕಂಡು ಬಾ. ಇವಳನ್ನೂ ಕರ್ಕಂಡು ಹೋಗು."

"ಹೊಡದ್ರೆ?"

"ಹೊಡದ್ರೆ ಎತ್ಕಂಡು ಓಡಿ ಬಾ, ಮಾರಾಯ. ಕಾಲಾದ್ರೂ ನೆಟ್ಟಗಿದ್ಯಲ್ಲ ನಿಂಗೆ."

ಜೇಬಿಗೆ ಎರಡು ಪೆನ್ನು ಸಿಕ್ಕಿಸಿಕೊಂಡು, ಒಂದು ಕೈಯಲ್ಲಿ ಛತ್ರಿ, ಇನ್ನೊಂದರಲ್ಲಿ ಅಕ್ಕನ ಮಗಳ, ಅಂದರೆ ನನ್ನ ಸೊಸೆಯ, ಕೈ ಹಿಡಿದು ಹೋದೆ. ಪೆನ್ನುಗಳನ್ನು ಕಂಡು ಹೆಡ್ ಮಾಸ್ತರು ಕುರ್ಚಿ ಬಿಟ್ಟು ಎದ್ದರು. ಮೇಲಿನಿಂದ ತಪಾಸಣೆಗೆ ಬಂದ ಸಾಹೇಬ ಅಂದುಕೊಂಡಿರಬೇಕು. ನಾನು ನಿಜ ಹೇಳುವಷ್ಟರಲ್ಲಿ ಚಹಾ ಬಂದಿತ್ತು. ಕುಡಿದು ಆಮೇಲೆ ನಿಜ ಹೇಳಿದೆ. ಅವರು ಪ್ರತಿ ವಾಕ್ಯ ಶುರು ಮಾಡುವ ಮೊದಲು ಎರಡು ಸಲ ಕೆಮ್ಮಿ, ಕನ್ನಡಕ ತೆಗೆದು, ಮತ್ತೆ ಹಾಕಿಕೊಳ್ಳುವವರು. ಈ ಒಬ್ಬರೇ ಸಾಕು, ಸಂಜೆ ಅಕ್ಕನನ್ನು ಹೊಟ್ಟೆ ಹಿಡಿದು ನಗಿಸಬಹುದು ಅಂತ ಖುಷಿಯಾಯಿತು.

ಒಂದನೇ ಕ್ಲಾಸಿನ ಅಕ್ಕೋರು ಘಟ್ಟದ ಮೇಲಿನವರು. ಐವತ್ತರ ಆಸುಪಾಸು, ಕುಳ್ಳು, ಕಾಟನ್ ಸೀರೆ. ಅವರಲ್ಲಿ ಹಿಡಿದುಕೊಳ್ಳಲಿಕ್ಕೆ ನನಗೆ ಏನೂ ಸಿಗಲಿಲ್ಲ. ಕೆಮ್ಮಿಲ್ಲ, ಕುಂಟಿಲ್ಲ, 'ಅಂದ್ರೆ ಅಂದ್ರೆ' ಅನ್ನುವ ಚಟವಿಲ್ಲ. ಬಾಗಿಲಲ್ಲಿ ಒಂದು ಬುಟ್ಟಿ ತುಂಬ ಕಪ್ಪೆಚಿಪ್ಪು ಇತ್ತು, ಒಂದೊಂದಕ್ಕೂ ಒಂದೊಂದು ಬಣ್ಣದ ಗುರುತು. ಬಂದ ಮಗು ತನ್ನ ಚಿಪ್ಪನ್ನು ಹುಡುಕಿ ಇನ್ನೊಂದು ಬುಟ್ಟಿಗೆ ಹಾಕಬೇಕು. ಹಾಜರಿ ಆಯಿತು. ಯಾರೂ ಎದ್ದು ನಿಂತು ಕೂಗಬೇಕಾಗಿಲ್ಲ. ಅಕ್ಕೋರು ನನ್ನ ಸೊಸೆಯ ಹೆಸರು ಕೇಳಲಿಲ್ಲ. ಗುರುತಿಲ್ಲದ ಒಂದು ಚಿಪ್ಪನ್ನು ಅವಳ ಕೈಗಿಟ್ಟು, "ಬಸ್ ಗೋ ಬಾಯ್," ಅಂತ ಕೊಂಕಣಿಯಲ್ಲಿ ಅಂದರು, ಮರುಕ್ಷಣ ಅದನ್ನೇ ಕನ್ನಡದಲ್ಲಿ, "ಕೂತ್ಕ ಮಗಾ" ಅಂದರು. ಅವಳ ಮನೆಯಲ್ಲಿ ಎರಡು ಭಾಷೆ ಅಂತ ಇವರಿಗೆ ಯಾರು ಹೇಳಿದರು? ನಾನಂತೂ ಹೇಳಿರಲಿಲ್ಲ.

ಆಮೇಲೆ ಶುರುವಾಯಿತು. ಮೀನುಗಾರರ ಕೇರಿಯ ಹುಡುಗಿ ಬಂದಳು. ಅಕ್ಕೋರ ಬಾಯಿಂದ ಆ ಕೇರಿಯ ಕೊಂಕಣಿ, ಅದೇ ಎಳೆತ, ಅದೇ ರಾಗ. ಗದ್ದೆ ಕಡೆಯ ಹುಡುಗ ಬಂದ. ಕೊಂಕಣಿಯೇ, ಆದರೆ ಬೇರೆಯದು. ರಸ್ತೆ ಕೆಲಸಕ್ಕೆ ಬಿಜಾಪುರ ಕಡೆಯಿಂದ ಬಂದವರ ಮಗ ಬಾಗಿಲಲ್ಲೇ ನಿಂತಿದ್ದ.

"ಯಾಕಲೇ ತಮ್ಮಾ, ನಿನ್ನೆ ಬಂದಿದ್ದಿಲ್ಲಲ್ಲ? ಆರಾಮ ಇದ್ದಿಲ್ಲೇನ?"

"ಇಲ್ರೀ, ನಮ್ಮವ್ವಗ ಜ್ವರ ಬಂದಿದ್ವು ರೀ."

"ಹಂಗಾದ್ರ ರೊಟ್ಟಿ ಯಾರ ಬಡದ್ರೋ?"

"ನಮ್ಮಪ್ಪ ಬಡದಾ. ಸುಟ್ಟೂ ಬಿಟ್ಟಾ."

ನಾನು ಚಾಪೆಯ ಮೇಲೆ ಬಾಯಿ ತೆರೆದು ಕೂತಿದ್ದೆ. ಕಣ್ಣು ಮುಚ್ಚಿದರೆ ಆ ಹುಡುಗನ ಸೋದರತ್ತೆ ಬಂದು ಕೂತಂತೆ. ಹತ್ತು ವರ್ಷದಿಂದ ಜನರ ಧ್ವನಿ ಕದಿಯುತ್ತ ಬಂದ ನನಗೆ ಇದು ಎಂಥ ಕೆಲಸ ಅಂತ ಗೊತ್ತಾಗುತ್ತಿತ್ತು. ನಾನು ಮಾಡಿದರೆ ಸುತ್ತಲಿನವರು ನಗುತ್ತಾರೆ. ಇವರು ಮಾಡಿದರೆ ಮಗು ತಿರುಗಿ ಮಾತಾಡುತ್ತಿತ್ತು, ಅವರು ತನ್ನ ಹಾಗೆ ಮಾತಾಡಿದರು ಅಂತಲೂ ಅದಕ್ಕೆ ಗೊತ್ತಿಲ್ಲ. ಮಾತಿನ ನಡುವೆ ಯಾವಾಗಲೋ ಒಂದು ಕನ್ನಡದ ಪದ, ಸ್ವಲ್ಪ ಹೊತ್ತಿಗೆ ಇನ್ನೊಂದು. ಮಧ್ಯಾಹ್ನದ ಹೊತ್ತಿಗೆ ಇಡೀ ಕ್ಲಾಸು ಒಂದು ಕನ್ನಡದ ಹಾಡಿನೊಳಗಿತ್ತು. ಹೇಗೆ ದಾಟಿದರು, ಎಲ್ಲಿ ದಾಟಿದರು, ಎದುರಿಗೇ ಕೂತಿದ್ದ ನನಗೆ ಇವತ್ತಿಗೂ ತಿಳಿದಿಲ್ಲ. ಸೊಸೆ ಹಾಡಲಿಲ್ಲ. ಆದರೆ ಬರೆಯುವ ಪಾಟಿಗಳನ್ನು ಹಂಚುವ ಕೆಲಸ ಅವಳಿಗೆ ಸಿಕ್ಕಿತ್ತು, ಹಂಚಿದಳು.

ಬಿಸಿಯೂಟ ಆಯಿತು. ಅಕ್ಕೋರು ಮಕ್ಕಳಿಗೆ ತಾಟು ತೊಳೆಸಲು ಹಿತ್ತಿಲ ಕಡೆ ಹೋದರು. ಬೆಳಿಗ್ಗೆ ನಾನು ಹೆಡ್ ಮಾಸ್ತರ ಕೆಮ್ಮನ್ನು ಸಣ್ಣಗೆ ಅಭ್ಯಾಸ ಮಾಡಿದ್ದನ್ನು ಒಂದು ಹುಡುಗಿ ಕೇಳಿಸಿಕೊಂಡಿದ್ದಳು. ತಾಟು ತೊಳೆದು ಮೊದಲು ಬಂದ ಏಳೆಂಟು ಮಕ್ಕಳ ಎದುರು ಅವಳು ಹಟ ಹಿಡಿದಳು, "ದೊಡ್ಡ ಮಾಸ್ತರನ್ನು ಮಾಡು!" ಮಾಡಿದೆ. ಮಕ್ಕಳು ನೆಲಕ್ಕೆ ಬಿದ್ದು ನಕ್ಕವು. ಬಸ್ಸು ಮಾಡಿದೆ, ಎಮ್ಮೆ ಮಾಡಿದೆ. ನಗು ಕೇಳಿದರೆ ನನಗೆ ಅಮಲೇರುತ್ತದೆ, ಎಲ್ಲಿ ನಿಲ್ಲಿಸಬೇಕು ತಿಳಿಯುವುದಿಲ್ಲ. "ಇನ್ನು ಇವಳು!" ಅಂತ ಸೊಸೆಯ ಕಡೆ ಕೈ ತೋರಿಸಿದೆ. ಗದ್ದವನ್ನು ಎದೆಗೆ ಊರಿದೆ. ತುಟಿ ಒಳಗೆಳೆದುಕೊಂಡೆ. ಅಂಗಿಯ ಅಂಚನ್ನು ತಿರುಪಿದೆ. ಬಹಳ ಚೆನ್ನಾಗಿ ಬಂತು.

ಎಲ್ಲರೂ ನಕ್ಕರು. ಸೊಸೆ ಒಂದು ಸಲ ನನ್ನ ಮುಖ ನೋಡಿದಳು, ಹೋಗಿ ಬಾಗಿಲ ಸಂದಿಯಲ್ಲಿ ಗೋಡೆಗೆ ಮುಖ ಮಾಡಿ ಕೂತಳು.

ಅಕ್ಕೋರು ಬಂದು ಬಾಗಿಲಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದ ಅಂತ ಗೊತ್ತಿಲ್ಲ. ಬೈಗುಳಕ್ಕೆ ನಾನು ತಯಾರಾದೆ. ಅವರು ನನ್ನನ್ನು ದಾಟಿ ಹೋಗಿ ಆ ಸಂದಿಯಲ್ಲಿ ಅವಳ ಪಕ್ಕ ನೆಲದ ಮೇಲೆ ಕೂತರು. ಗದ್ದವನ್ನು ಎದೆಗೆ ಊರಿದರು. ತುಟಿ ಒಳಗೆಳೆದುಕೊಂಡರು. ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ತಿರುಪತೊಡಗಿದರು. ನಾನು ಮಾಡಿದ್ದನ್ನೇ ಮಾಡಿದರು, ಒಂದು ಕೂದಲೆಳೆ ಆಚೀಚೆ ಇಲ್ಲ. ಒಬ್ಬರೂ ನಗಲಿಲ್ಲ.

ಅವರು ಹಾಗೇ ಕೂತರು. ಬಿಜಾಪುರದ ಹುಡುಗ ಎದ್ದು ಹೋಗಿ ಅಕ್ಕೋರ ಆಚೆ ಕೂತ, ತನ್ನ ಅಂಗಿಯ ಅಂಚು ಹಿಡಿದ. ಇನ್ನೂ ಎರಡು ಮಕ್ಕಳು ಹೋದವು. ಬಹಳ ಹೊತ್ತಿನ ಮೇಲೆ ಸೊಸೆ ಓರೆಗಣ್ಣಲ್ಲಿ ಪಕ್ಕದ ಬೆರಳುಗಳನ್ನು ನೋಡಿದಳು. ನೋಡಿ, ತನ್ನ ಫ್ರಾಕನ್ನು ಬಿಟ್ಟು, ಅಕ್ಕೋರ ಸೆರಗಿನ ತುದಿಯನ್ನು ಕೈಗೆ ತೆಗೆದುಕೊಂಡು ತಾನೇ ತಿರುಪಿದಳು. ಅವಳು ಮಾತಾಡಲಿಲ್ಲ. ಯಾರೂ ಮಾತಾಡಿಸಲೂ ಇಲ್ಲ.

ಸಂಜೆ ಅಕ್ಕ ಚೀಲ ಇಡುವ ಮೊದಲೇ, "ಹ್ಞಾಂ, ಮಾಡು" ಅಂದಳು. ಹೆಡ್ ಮಾಸ್ತರನ್ನು ಮಾಡಿದೆ. ಅವಳು ನಕ್ಕು ಕಣ್ಣೊರೆಸಿಕೊಂಡಳು. ಬಿಜಾಪುರದ ಹುಡುಗನನ್ನು ಮಾಡಿದೆ.

"ಸಾಕು. ನಾ ಕೇಳಿದ್ದು?"

ಚಾವಡಿಯಲ್ಲಿ ಗೋಡೆಗೆ ಮುಖ ಮಾಡಿ ಕೂತೆ. ಗದ್ದ ಊರಿದೆ. ಆಗಲಿಲ್ಲ. ನನ್ನ ಮೈ ಎಷ್ಟು ಪ್ರಯತ್ನಿಸಿದರೂ ಅದು ಅಣಕವೇ ಆಗುತ್ತಿತ್ತು. ಎದ್ದು, ನಡೆದದ್ದನ್ನು ನನ್ನದೇ ಧ್ವನಿಯಲ್ಲಿ ಹೇಳಿದೆ, ನಾನು ಮಾಡಿದ್ದನ್ನೂ ಬಿಡದೆ. ಅಷ್ಟುದ್ದಕ್ಕೆ ನನ್ನ ಸ್ವಂತ ಧ್ವನಿ ಕೇಳಿ ನನಗೇ ಗುರುತಾಗಲಿಲ್ಲ.

"ನನ್ನ ಮಗಳನ್ನ? ಅಷ್ಟು ಮಕ್ಕಳ ಎದುರಿಗೆ?" ಅಕ್ಕ ಕೈಗೆ ಸಿಕ್ಕ ಟಿಫಿನ್ ಡಬ್ಬಿ ಎತ್ತಿದಳು. ಎಸೆಯಲಿಲ್ಲ. ಅದನ್ನು ಹಿಡಿದುಕೊಂಡೇ ಕೇಳಿದಳು, "ಅವ್ರು ಎಷ್ಟು ಹೊತ್ತು ಕೂತ್ರು?"

"ಗಂಟೆ ಹೊಡಿಯೂವರೆಗೂ."

"ಎಂತದೂ ಕೇಳ್ಲಿಲ್ವಾ?"

"ಎಂತದೂ ಇಲ್ಲ."

ಮರುದಿನ ಆರೂವರೆಯ ಬಸ್ಸು ಅಕ್ಕನಿಲ್ಲದೆ ಹೋಯಿತು. ಅವಳು ನಮ್ಮಿಬ್ಬರನ್ನೂ ಕರೆದುಕೊಂಡು ಶಾಲೆಗೆ ಬಂದಳು. ಹೆಡ್ ಮಾಸ್ತರು ಎರಡು ಸಲ ಕೆಮ್ಮಿ ಫಾರ್ಮು ಕೊಟ್ಟರು, ಅವಳು ತುಂಬಿದಳು. ನಾನು ಗೋಡೆ ನೋಡುತ್ತಿದ್ದೆ. ಅಷ್ಟರಲ್ಲಿ ಅಕ್ಕೋರು ಬಂದರು. ಅಕ್ಕ ಪೆನ್ನು ಕೆಳಗಿಟ್ಟಳು. "ಇವಳು ಮಾತಾಡೂದಿಲ್ರಿ, ಅಕ್ಕೋರೆ. ಯಾವಾಗ ಆಡ್ತದೆ ಅಂತ್ಲೂ ನಂಗೆ ಹೇಳೂಕೆ ಬರೂದಿಲ್ಲ."

"ಆಡ್ಲಿ ಬಿಡಿ, ಅವಳಿಗೆ ಯಾವಾಗ ಬೇಕೋ ಆವಾಗ. ನಾನೆಲ್ಲಿ ಹೋಗ್ತೆ, ಇಲ್ಲೇ ಇರ್ತೆ," ಅಂದರು ಅವರು. ಸೊಸೆಯ ಕೈ ಹಿಡಿದು ಎರಡು ಹೆಜ್ಜೆ ಹೋದವರು ತಿರುಗಿ ನನ್ನನ್ನು ನೋಡಿದರು. ಕಣ್ಣಲ್ಲಿ ಸಿಟ್ಟಿರಲಿಲ್ಲ.

"ಮಾಮ ಮಾತ್ರ ಇನ್ನೊಂದೆರಡು ತಿಂಗಳು ಈ ಕಡೆ ಬರೂದು ಬೇಡ."

ಅಕ್ಕ ಸಹಿ ಹಾಕಿದಳು. ನಾನು ಛತ್ರಿ ತೆಗೆದುಕೊಂಡು ಹೊರಗೆ ಬಂದೆ.