ಮೊದಲ ಪಾವಿನ ಹೆಸರು

ಈ ಶುಕ್ರವಾರ ಬೆಳಿಗ್ಗೆ ಅಕ್ಕಿ ಡಬ್ಬಿಗೆ ಕೈ ಹಾಕಿದರೆ ಪಾವು ತಳಕ್ಕೆ ತಾಗಿ ಟಣ್ ಎಂದಿತು. ಹೆಂಡತಿಗೆ ಆಸ್ಪತ್ರೆಯಲ್ಲಿ ಹಗಲು ಡ್ಯೂಟಿ ಇರುವ ಶುಕ್ರವಾರ ಅಡುಗೆ ನನ್ನದು. ಅಡುಗೆ ಎಂದರೆ ನೀವು ದೊಡ್ಡದೇನೋ ಊಹಿಸಬೇಡಿ. ಕುಚ್ಚಲಕ್ಕಿ ಅನ್ನ, ಒಂದು ಸಾರು, ಕರಿದ ಒಣಮೀನು, ಅಷ್ಟೆ. ಆದರೆ ಆ ಟಣ್ ಕೇಳಿದಾಗಲೆಲ್ಲ ನನ್ನ ಕಣ್ಣು ಅಡುಗೆಮನೆಯ ಗೋಡೆಯ ಕಡೆ ಹೋಗುತ್ತದೆ. ಗೋಡೆಯಾಚೆ ಈಗ ಬೇರೆ ಯಾರೋ ಇದ್ದಾರೆ. ಮೂರು ವರ್ಷಗಳ ಹಿಂದೆ ಅಲ್ಲಿ ಅಲೇನಾ ಇದ್ದರು.

ದೋಹಾದ ಐನ್ ಖಾಲಿದ್‌ನ ನಮ್ಮ ವಿಲ್ಲಾ ಹೊರಗಿನಿಂದ ಒಂದೇ ಮನೆ. ಒಳಗೆ ತೆಳು ಗೋಡೆ ನಿಲ್ಲಿಸಿ ನಾಲ್ಕು ಸಂಸಾರ ಮಾಡಿದ್ದಾರೆ. ಒಂದು ಮನೆಯವರು ಸೀನಿದರೆ ಇನ್ನೊಂದು ಮನೆಯವರು ನೂರು ವರ್ಷ ಬಾಳು ಎನ್ನಬಹುದು, ಅಷ್ಟು ಹತ್ತಿರ. ಅಲೇನಾ ಬೆಲಾರುಸ್ ದೇಶದವರು, ಅರವತ್ತರ ಆಸುಪಾಸು. ತಮ್ಮ ಊರಿನಲ್ಲಿ ವಾದ್ಯವೃಂದಗಳಿಗೆ ಶಾಸ್ತ್ರೀಯ ಸಂಗೀತ ರಚಿಸುತ್ತಿದ್ದ ಹೆಂಗಸು, ಇಲ್ಲಿ ಮಕ್ಕಳಿಗೆ ಪಿಯಾನೋ ಕಲಿಸುತ್ತಿದ್ದರು. ನನ್ನ ಮಗಳು ರಿಯಾ, ಆಗ ಎಂಟು ವರ್ಷದವಳು, ಅವರ ಶಿಷ್ಯೆ. ಸಂಗೀತ ರಚನೆ ಎಂದರೆ ನನಗೆ ಗೊತ್ತಿದ್ದದ್ದು ಒಂದೇ. ಯಾವ ಸಿನಿಮಾಕ್ಕೆ ಮಾಡಿದ್ದೀರಿ ಎಂದು ಕೇಳಿಯೇಬಿಟ್ಟೆ.

"ಮಾಫಿ ಸಿನಿಮಾ," ಎಂದು ಅವರು ಕೈ ಆಡಿಸಿದರು. ಮಾಫಿ ಎಂದರೆ ಇಲ್ಲ, ದೋಹಾಕ್ಕೆ ಬಂದು ಆರು ತಿಂಗಳಲ್ಲಿ ಕಲಿತ ಅರಬ್ಬಿ.

ಅವರ ಗಂಡ ಅಲ್ಲಿಯ ಒಂದು ತಂತಿವಾದ್ಯ ನುಡಿಸುತ್ತಿದ್ದರಂತೆ. ನಮ್ಮ ಸಂತೂರಿನ ಹಾಗೆ ಪುಟ್ಟ ಕೋಲುಗಳಿಂದ ಬಡಿದು ನುಡಿಸುವಂಥದ್ದು. ಇವರು ಬರೆದದ್ದನ್ನೆಲ್ಲ ಮೊದಲು ನುಡಿಸಿ ನೋಡುತ್ತಿದ್ದವರು ಅವರೇ. ಅವರು ತೀರಿಕೊಂಡ ಮೇಲೆ ಅಲೇನಾ ಒಂದು ಸಾಲೂ ಬರೆದಿರಲಿಲ್ಲ. ಇದನ್ನು ನನಗೆ ಹೇಳಿದ್ದು ರಿಯಾ. ಮಕ್ಕಳಿಗೆ ಎಲ್ಲರೂ ಎಲ್ಲ ಹೇಳುತ್ತಾರೆ.

ಒಂದು ದಿನ ಅವಳು ಪಾಠ ಮುಗಿಸಿ ದಪ್ಪ ಹಾಳೆಗಳ ಕಟ್ಟೊಂದನ್ನು ಹೊತ್ತು ತಂದಳು. ಐದೈದು ಗೆರೆ ಎಳೆದ, ಸ್ವರ ಬರೆಯುವ ಹಾಳೆಗಳು.

"ಟೀಚರ್ ಡ್ರಾಯಿಂಗ್ ಮಾಡ್ಲಿಕ್ಕೆ ಕೊಟ್ರು ಪಪ್ಪ. ಅವರಿಗೆ ಇನ್ನು ಬೇಡಂತೆ."

ಅವಳು ಆ ಗೆರೆಗಳ ಮೇಲೆ ಸಾಲಾಗಿ ಬೆಕ್ಕುಗಳನ್ನು ಕೂರಿಸಿದಳು. ಚಿತ್ರ ಚೆಂದ ಇದೆ ಎಂದು ನಾನು ಫ್ರಿಜ್ಜಿಗೆ ಅಂಟಿಸಿದೆ. ನನ್ನ ಬುದ್ಧಿ ಓಡಿದ್ದು ಅಷ್ಟೇ. ಹೆಂಡತಿ ಮಾತ್ರ ಅದನ್ನು ನೋಡುತ್ತ ನಿಂತಳು. "ಬಡಗಿ ತನ್ನ ಉಳಿ ದಾನ ಮಾಡಿದ ಹಾಗಾಯ್ತಲ್ಲ ಮಾರಾಯ್ರೆ," ಎಂದಳು. ಆಗ ನನಗೂ ಸಂಕಟವಾಯಿತು.

ಅದಾಗಿ ಎರಡನೆಯ ಶುಕ್ರವಾರ ನಾನು ಅಕ್ಕಿ ಅಳೆಯುತ್ತಿದ್ದಾಗ ಬಾಗಿಲು ಬಡಿದ ಸದ್ದು. ನೋಡಿದರೆ ಅಲೇನಾ. ಒಣಮೀನಿನ ವಾಸನೆಗೆ ಜಗಳಕ್ಕೇ ಬಂದರು ಎಂದುಕೊಂಡು ನಾನು ಕ್ಷಮೆಯ ಇಂಗ್ಲಿಷ್ ವಾಕ್ಯ ಜೋಡಿಸತೊಡಗಿದೆ.

"ನೀವು ಪ್ರತಿ ಶುಕ್ರವಾರ ಏನೋ ಎಣಿಸುತ್ತೀರಿ," ಎಂದರು. "ಎರಡು, ಮೂರು ಅನ್ನುವುದನ್ನು ರಿಯಾ ಕಲಿಸಿದಳು. ಅದು ಕೇಳಿಸುತ್ತದೆ. ಒಂದು ಎಲ್ಲಿ ಹೋಯಿತು? ಮೊದಲು ಬೇರೆ ಏನೋ ಹೇಳುತ್ತೀರಿ. ಉದ್ದ ಎಳೆದು, ಸ್ವಲ್ಪ ನಿಂತು, ಆಮೇಲೆ ಎರಡು."

ನಿಮಗೆ ಹೇಳಬೇಕಾಗಿಲ್ಲ, ಅದು ಲಾಭ. ಅಕ್ಕಿ ಅಳೆಯುವಾಗ ಒಂದು ಎನ್ನಬಾರದೆಂದು ಕಲಿಸಿದವರು ನನ್ನ ಅಜ್ಜಿ. "ಒಂದು ಅಂತ ಹೇಳುದಲ್ಲ ಮಗಾ. ಒಂದು ಅಂದ್ರೆ ಒಂದೇ ಆಗಿ ಉಳೀತದೆ. ಲಾಭ ಅನ್ನು, ಹಿಂದಿಂದ ಬೇರೆಯೂ ಬರ್ತದೆ." ಹಮದ್ ಬಂದರಿನಲ್ಲಿ ಕಂಟೇನರ್ ಎಣಿಸುವ ಗುಮಾಸ್ತ ನಾನು. ಅಲ್ಲಿಯೂ ಬಾಯೊಳಗೆ ಲಾಭ ಎಂದೇ ಶುರು ಮಾಡುತ್ತೇನೆ. ಒಮ್ಮೆ ಫಾರ್ಮಿನ ಮೊದಲ ಸಾಲಿನಲ್ಲೂ ಅದನ್ನೇ ಬರೆದು ಮಲಯಾಳಿ ಸೂಪರ್‌ವೈಸರಿಂದ ಬೈಸಿಕೊಂಡಿದ್ದೇನೆ.

ಅಜ್ಜಿಯ ಮಾತನ್ನು ನನಗೆ ತಿಳಿದ ಇಂಗ್ಲಿಷಿನಲ್ಲಿ ಹೇಳಿದೆ. ಅಲೇನಾ ಸ್ಟೂಲಿನ ಮೇಲೆ ಕುಳಿತರು.

"ನಮ್ಮ ಭಾಷೆಯಲ್ಲಿ ಹೆಂಗಸು ಒಬ್ಬಳು ಅನ್ನಲಿಕ್ಕೆ ಅದ್ನಾ. ಒಂಟಿ ಅನ್ನಲಿಕ್ಕೂ ಅದೇ ಅದ್ನಾ. ಎರಡು ವರ್ಷದಿಂದ ಪಿಯಾನೋ ಮುಂದೆ ಕೂತು ಎಣಿಸಲು ಹೊರಟರೆ ಅಲ್ಲೇ ನಿಂತುಬಿಡುತ್ತೇನೆ. ಎರಡು ಬರುವುದೇ ಇಲ್ಲ."

ನಾನು ಪಾವನ್ನು ಅವರ ಕೈಗೆ ಕೊಟ್ಟೆ. ಅವರು ಲಾಭ ಎಂದರು, ನಿಂತರು, ಎರಡು ಎಂದರು. ಆರರವರೆಗೂ ಹೋದರು. ತಡೆಯಲು ನನಗೆ ಮನಸ್ಸಾಗಲಿಲ್ಲ. ಮೂರು ಜನರ ಮನೆಯಲ್ಲಿ ಆ ಅನ್ನವನ್ನು ಎರಡು ದಿನ ಗಂಜಿ ಮಾಡಿ ಉಂಡೆವು.

ಮಧ್ಯಾಹ್ನ ಅವರು ಮತ್ತೆ ಬಂದು ರಿಯಾಳ ಮುಂದೆ ಮಂಡಿಯೂರಿ ಕುಳಿತು, ಹಾಳೆ ಏನಾದರೂ ಉಳಿದಿದೆಯೇ ಎಂದು ಕೇಳಿದರು. ಖಾಲಿ ಹಾಳೆ ಕೆಲವೇ ಇದ್ದವು. ಬೆಕ್ಕು ಕೂತ ಹಾಳೆಗಳ ಹಿಂಬದಿಯೂ ಆದೀತು ಎಂದು ಫ್ರಿಜ್ಜಿನದನ್ನೂ ಕಿತ್ತುಕೊಂಡು ಹೋದರು.

ಸಂಜೆಯಿಂದ ಗೋಡೆಯಾಚೆ ಕೇಳತೊಡಗಿತು. ಒಂದು ದೀರ್ಘ ಸ್ವರ, ಒಂದು ಬಿಡುವು. ಎಷ್ಟೋ ದಿನ ಅಷ್ಟೇ. ಇವರು ಮತ್ತೆ ಅಲ್ಲಿಯೇ ನಿಂತುಬಿಡುತ್ತಾರೇನೋ ಎಂದು ನನಗೆ ಹೆದರಿಕೆ. ಒಂದು ಶುಕ್ರವಾರ ಎಕ್ಸಾಸ್ಟ್ ಫ್ಯಾನ್ ಆರಿಸಿ ಕಿವಿ ಕೊಟ್ಟೆ. ದೀರ್ಘ ಸ್ವರ, ಬಿಡುವು, ಅದರ ಹಿಂದೆಯೇ ಎರಡು ಗಿಡ್ಡ ಸ್ವರ, ಮತ್ತೆ ಮೂರು. ಎಷ್ಟು ಸಂತೋಷವಾಯಿತೆಂದರೆ ಬಾಣಲೆಯಲ್ಲಿದ್ದ ಮೀನು ಕರಕಲಾದದ್ದೂ ತಿಳಿಯಲಿಲ್ಲ.

ಆ ರಚನೆಗೆ ಅವರು ಲಾಭ ಎಂದೇ ಹೆಸರಿಟ್ಟರು. ಅದನ್ನು ಅವರ ಶಿಷ್ಯರೇ ಒಂದು ಸಭಾಂಗಣದಲ್ಲಿ ನುಡಿಸಿದರು. ಕಾರ್ಯಕ್ರಮದ ಹಾಳೆ ಅಚ್ಚು ಮಾಡುವವರು ಶೀರ್ಷಿಕೆಯ ಅರ್ಥ ಕೇಳಿದಾಗ ನಾನು ಬಂದರಿನ ಬಿಸಿಲಿನಲ್ಲಿ ನಿಂತು ಹಿಂದೆಮುಂದೆ ನೋಡದೆ ಪ್ರಾಫಿಟ್ ಎಂದು ಮೆಸೇಜ್ ಮಾಡಿದ್ದೆ. ಹಾಗೆಯೇ ಅಚ್ಚಾಯಿತು. ಪಕ್ಕದಲ್ಲಿ ಕುಳಿತವರು ಇದು ಯಾವ ಬ್ಯಾಂಕಿನ ಪ್ರಾಯೋಜಕತ್ವ ಎಂದು ವಿಚಾರಿಸಿದರು. ನನಗೆ ನೆಲ ಬಾಯಿ ಬಿಡಬಾರದೇ ಅನಿಸಿತು. ಅಲೇನಾ ಮಾತ್ರ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಅನುವಾದ ಖಲಾಸ್. ನಿಮ್ಮ ಅಕ್ಷರದಲ್ಲೇ ಬರೆದುಕೊಡಿ." ಅಪ್ಪನ ಜಂಭ ನೋಡಿ, ನಾನು ರಿಯಾಳನ್ನು ಮುಂದೆ ತಳ್ಳಿದೆ. ಅವಳು ದುಂಡಗೆ ಬರೆದುಕೊಟ್ಟಳು.

ಮರುವರ್ಷ ಕೆಲಸದ ಕರಾರು ಮುಗಿದು ಅಲೇನಾ ತಮ್ಮ ದೇಶಕ್ಕೆ, ತಂಗಿಯ ಮನೆಗೆ ಹೋದರು. ಅಲ್ಲಿಂದ ಲಕೋಟೆಯೊಂದು ಈ ವಾರ ಬಂದು ಮೇಜಿನ ಮೇಲೆ ಕೂತಿತ್ತು. ನಾನು ಹೊಸ ಅಕ್ಕಿ ಚೀಲದ ಬಾಯಿ ಕತ್ತರಿಸುವಾಗ ರಿಯಾ ಅದನ್ನು ಬಿಚ್ಚಿದಳು. ಅಚ್ಚಾದ ಸ್ವರಪುಸ್ತಕ. ಮೇಲೆ ಅವರ ಲಿಪಿ, ಕೆಳಗೆ ನಮ್ಮದು: ಲಾಬ.

"ಅಯ್ಯೋ ಪಪ್ಪ, ನಾನು ಭ ತಪ್ಪು ಬರ್ದಿದ್ದೇನೆ. ಟೀಚರಿಗೆ ಹೇಳಿ, ಸರಿ ಮಾಡ್ಲಿ."

ಫೋನ್ ತೆಗೆದು ಅರ್ಧ ಟೈಪ್ ಮಾಡಿ ಅಳಿಸಿದೆ. ಅಜ್ಜಿಯ ಬಾಯಲ್ಲೂ ಅದು ಲಾಬವೇ ಆಗಿತ್ತು. ಹೊಟ್ಟೆ ಸೀಳಿದ ಭ ನೋಡಿ ಅಕ್ಕಿ ಹೆಚ್ಚುವುದಿಲ್ಲವಲ್ಲ.

ಪಾವನ್ನು ರಿಯಾಳೇ ಎತ್ತಿಕೊಂಡಳು. ಲಾಬ ಎಂದು ಸುರಿದು, ಸರಿಯಾಗಿ ಆ ಬಿಡುವಿನಷ್ಟೇ ಹೊತ್ತು ನಿಂತು, ಎರಡು ಎಂದಳು. ಪುಸ್ತಕದೊಳಗೆ ಸಿಕ್ಕಿದ್ದ ಚೀಟಿಯನ್ನು ನಾನು ಗಟ್ಟಿಯಾಗಿ ಓದಿದೆ. ಅಲೇನಾ ಬರೆದದ್ದು ಇಷ್ಟೇ: "ಎರಡನೆಯದೂ ಮುಗಿಯಿತು. ಮೂರನೆಯದಕ್ಕೆ ಹಾಳೆ ಕೊಂಡು ತಂದಿದ್ದೇನೆ."

ರಿಯಾಳ ಕೈಯಿಂದ ಪಾವು ಇಸಿದುಕೊಂಡು ಮೂರನೆಯದನ್ನು ನಾನೇ ಗೋಪುರ ಬರುವಷ್ಟು ತುಂಬಿ ಅಳೆದೆ.